ನಿಂತುಹೋದ ಹಳೇ ವಿಮಾನಗಳಲ್ಲಿ ಯಾವುದು ಮತ್ತೆ ತಯಾರಾಗ್ಬೇಕು?

ಪ್ರಶ್ನೆ:
ಟ್ವಿನ್ ಆಟರ್ ಅನ್ನೋ ಚಿಕ್ಕ ಎರಡು ಇಂಜಿನ್ ವಿಮಾನದ ಪ್ರೊಡಕ್ಷನ್ 1988ರಲ್ಲೇ ನಿಂತಿತ್ತು, ಆಮೇಲೆ ಕೆನಡಾದ ವೈಕಿಂಗ್ ಏರ್ ಕಂಪನಿಯವ್ರು ಹಕ್ಕು ತಗೊಂಡು 2010ರಿಂದ ಅದರ ಹೊಸ ಮಾದರಿ ಸೀರೀಸ್ 400 ಕೊಡೋಕೆ ಶುರು ಮಾಡಿದ್ರು. ಅಂದ್ರೆ ನಿಂತಿದ್ದು ವಾಪಸ್ ಬರ್ಬಹುದು. ಮುಂದೆ ಯಾವುದು? ನನ್ ಓಟು ಬೋಯಿಂಗ್ 757 ಪ್ರಯಾಣಿಕ ಜೆಟ್‌ಗೆ.

ಉತ್ತರ 1:
757 ಟೇಕಾಫ್ ನೋಡೋಕೇ ಚೆಂದ, ಒಪ್ತೀನಿ. ಆದ್ರೆ 1,050 ಮಾಡಿ 2004ರಲ್ಲಿ ಲೈನ್ ಮುಚ್ಚಿದ್ರು, ಈಗ ಬಿಡಿಭಾಗದ ಸಪ್ಲೈಯರ್‌ಗಳಿಂದ ಹಿಡಿದು ಎಲ್ಲಾ ಹೊಸದಾಗಿ ಕಟ್ಬೇಕು, ಹಳೇ ಇಂಜಿನ್ ಇಟ್ರೆ ಇಂಧನ ಜಾಸ್ತಿ ಕುಡಿಯುತ್ತೆ, ಹೊಸದು ಹಾಕಿದ್ರೆ ಸರ್ಟಿಫಿಕೇಶನ್ (ಹಾರೋಕೆ ಸುರಕ್ಷಿತ ಅನ್ನೋ ಸರ್ಕಾರಿ ಒಪ್ಪಿಗೆ) ಕೆಲ್ಸ ಬೆಟ್ಟದಷ್ಟು. ಆ ಜಾಗಕ್ಕೆ ಏರ್‌ಬಸ್‌ನ ಎ321ನಿಯೋ ಬಂದು ಕೂತಾಯ್ತು.

ಉತ್ತರ 2:
ನಂಗೆ ಡಿ ಹ್ಯಾವಿಲ್ಯಾಂಡ್ ಕೆನಡಾ ಕಂಪನಿಯ ಬೀವರ್ ಅನ್ನೋ ಚಿಕ್ಕ ಒಂಟಿ ಇಂಜಿನ್ ವಿಮಾನ ಬೇಕು! 1947ರಲ್ಲಿ ಮೊದಲು ಹಾರಿದ್ದು, 1,600ಕ್ಕೂ ಹೆಚ್ಚು ಮಾಡಿ 1967ರಲ್ಲಿ ನಿಲ್ಲಿಸಿದ್ರು. ನೆಲಕ್ಕೆ ಚಕ್ರ, ನೀರಿಗೆ ಫ್ಲೋಟ್, ಹಿಮಕ್ಕೆ ಸ್ಕೀ ಯಾವುದ್ರಲ್ಲಾದ್ರೂ ಇಳಿಯುತ್ತೆ, ಬಾಗಿಲು ಎಷ್ಟು ಅಗಲ ಅಂದ್ರೆ ಡ್ರಮ್ಮನ್ನೇ ಉರುಳಿಸಿ ಒಳಗೆ ಹಾಕ್ಬಹುದು, ಹಾರ್ತಿರುವಾಗ್ಲೇ ಕಾಕ್‌ಪಿಟ್‌ನಿಂದ ಇಂಜಿನ್‌ಗೆ ಆಯಿಲ್ ಹಾಕೋ ವ್ಯವಸ್ಥೆ ಬೇರೆ, ಚಳಿ ದೇಶದ ಪೈಲಟ್‌ಗಳ ಕಷ್ಟ ಕೇಳಿ ಮಾಡಿದ ಡಿಸೈನ್ ಅದು. ಟರ್ಬೈನ್ ಇಂಜಿನ್ ಹಾಕಿ ಹೊಸದಾಗಿ ಮಾಡ್ಲಿ ಸಾಕು.

ಪ್ರಶ್ನೆ ಕೇಳಿದವರು:
ಆಯಿಲ್ ವಿಷಯ ಗೊತ್ತೇ ಇರ್ಲಿಲ್ಲ. ಓಟು ಬದಲಾಯಿಸ್ದೆ, ಬೀವರೇ ಬರ್ಲಿ.