ಅವ್ವನ ಸೀರೆಗಳಿಂದ ಕೌದಿ ಹೊಲಿದು ಮಕ್ಕಳ ಮನೆಗೆ ನೆರವಾಗಬೇಕು. ಹೇಗೆ ಶುರು ಮಾಡಲಿ?

ಧಾರವಾಡದ ಮಗಳು:

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮವ್ವ ತೀರಿಕೊಂಡಳು. ಅವಳ ಟ್ರಂಕಿನಲ್ಲಿ 34 ಸೀರೆ ಇವೆ. ಹೆಚ್ಚಿನವು ಇಳಕಲ್ ಸೀರೆ, ಉಟ್ಟು ಉಟ್ಟು ಮೆತ್ತಗಾದವು. ಯಾರಿಗಾದರೂ ಕೊಡಲು ಮನಸ್ಸು ಬರಲಿಲ್ಲ, ಸುಮ್ನೆ ಮಡಚಿ ಇಡಲೂ ಆಗಲಿಲ್ಲ. ಕೌದಿ ಹೊಲಿಯುವುದನ್ನು ಅವಳೇ ಕಲಿಸಿದ್ದಳು. ಹಾಗಾಗಿ ಕೂಸಿನ ಕೌದಿ ಹೊಲಿಯಲು ಕುಳಿತೆ. ಇಲ್ಲಿಯವರೆಗೆ ಆರು ಆಗಿವೆ.

ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಹೆಣ್ಣುಮಕ್ಕಳ ಮನೆಯೊಂದಿದೆ. ಅನಾಥ ಮಕ್ಕಳು ಅಲ್ಲಿದ್ದಾರೆ. ಕೌದಿ ಮಾರಿದ ದುಡ್ಡು ಅವರಿಗೆ ಹೋಗಲಿ ಎಂಬುದು ನನ್ನ ಆಸೆ. ಒಂದು ಕೌದಿಗೆ ಎಷ್ಟು ಬೆಲೆ ಇಡಲಿ? ದುಡ್ಡು ಹೇಗೆ ಕೊಡಬೇಕು? ಆ ಮಕ್ಕಳಿಗೂ ಹೊಲಿಗೆ ಕಲಿಸಿ, ಅವರು ಮಾಡಿದ್ದನ್ನೂ ಮಾರಬಹುದಾ? ತಿಂಗಳಿಗೆ ಸಾವಿರ, ಒಂದೂವರೆ ಸಾವಿರ ಉಳಿದರೆ ಜಾಸ್ತಿ. "ಅಷ್ಟರಲ್ಲಿ ಏನಾಗುತ್ತದೆ?" ಎಂದು ನಮ್ಮ ಮನೆಯವರು ಕೇಳುತ್ತಾರೆ. ನನಗೆ ಉತ್ತರ ಕೊಡಲು ಬರುತ್ತಿಲ್ಲ.

ಹುಬ್ಬಳ್ಳಿ ಕಸೂತಿ:

ಅಕ್ಕಾ, ಓದಿ ಕಣ್ಣು ತುಂಬಿತು. ನಾವು ಮೂವರು ಗೆಳತಿಯರು ಏಳು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇವೆ, ಕಸೂತಿಯಲ್ಲಿ. ಗೊತ್ತಿರುವುದನ್ನೆಲ್ಲ ಹೇಳುತ್ತೇನೆ.

ಬೆಲೆ ಮೊದಲು. ಕೂಸಿನ ಕೌದಿಗೆ 900 ರೂಪಾಯಿಗಿಂತ ಕಡಿಮೆ ಇಡಬೇಡಿ. ನೂಲು, ಒಳಬಟ್ಟೆ, ಸೂಜಿ ಎಂದು ನಿಮಗೆ ಇನ್ನೂರಾದರೂ ಖರ್ಚಾಗುತ್ತದೆ. ಒಂಬತ್ತು ಹತ್ತು ದಿನದ ಕೈಕೆಲಸವೂ ಇದೆ. "ಪಾಪ, ಮಕ್ಕಳಿಗಾಗಿ" ಎಂದು ಹೇಳಿ ಮಾರಿದರೆ ಜನ ಒಂದೇ ಸಲ ಕೊಳ್ಳುತ್ತಾರೆ. ಕೌದಿ ಚೆನ್ನಾಗಿದೆ ಎಂದು ಕೊಂಡವರು ಮಗಳ ಬಾಣಂತನಕ್ಕೂ ಬರುತ್ತಾರೆ, ಸೊಸೆಯ ಬಾಣಂತನಕ್ಕೂ ಬರುತ್ತಾರೆ.

ಅದಕ್ಕೇ ಕೆಲಸ ಗಟ್ಟಿ ಇರಬೇಕು. ಹೊಲಿಯುವ ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಮಡಿಕೆ ಬಿದ್ದ ಕಡೆ ಬಟ್ಟೆ ಜಾಳಾಗಿರುತ್ತದೆ. ಬೆರಳಿನಿಂದ ಅಡ್ಡಕ್ಕೆ ಎಳೆದಾಗ ಪರ್ ಎಂದರೆ ಆ ತುಂಡು ಒಳಪದರಕ್ಕೆ. ಕೆಂಪು ಸೆರಗು ಬಣ್ಣ ಬಿಡಬಹುದು, ಉಪ್ಪುನೀರಿನಲ್ಲಿ ನೆನೆಸಿ ಎರಡು ಸಲ ಒಗೆದು ನೋಡಿ. ಜರಿ ಇದ್ದರೆ ಕತ್ತರಿಸಿ ತೆಗೆಯಿರಿ, ಕೂಸಿನ ಮೈಗೆ ಚುಚ್ಚುತ್ತದೆ.

ಇನ್ನು ದುಡ್ಡು. ಕೊಡುವ ಮೊದಲು ಹೋಗಿ ಕೇಳಿ. ನಾವು ಕೇಳದೆ ತಪ್ಪು ಮಾಡಿದೆವು. ಮೊದಲ ವರ್ಷದ ದುಡ್ಡಿನಲ್ಲಿ ದೀಪಾವಳಿಗೆ ಸಿಹಿ ತೆಗೆದುಕೊಂಡು ಹೋದೆವು. ಅಲ್ಲಿ ಆಗಲೇ ನಾಲ್ಕು ಡಬ್ಬ ಸಿಹಿ ಇತ್ತು. ಹುಟ್ಟುಹಬ್ಬ ಮಾಡಲು ಬರುವವರು ಕೇಕು ತರುತ್ತಾರೆ, ಹಬ್ಬಕ್ಕೆ ಎಲ್ಲರೂ ಬರುತ್ತಾರೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಯಾರೂ ಇರುವುದಿಲ್ಲ. ಆಮೇಲೆ ಒಂದು ದಿನ ಅಲ್ಲಿನ ಮೇಲ್ವಿಚಾರಕಿ ನಮ್ಮನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: ಒಳ ಉಡುಪು, ಪ್ಯಾಡ್, ನೋಟ್‌ಬುಕ್, ಹೇನು ತೆಗೆಯುವ ಬಾಚಣಿಗೆ. ಈಗ ನಮ್ಮ ದುಡ್ಡು ಪ್ರತಿ ತಿಂಗಳು 5ನೇ ತಾರೀಖು ಅದಕ್ಕೇ ಹೋಗುತ್ತದೆ. ಸಗಟು ಅಂಗಡಿಯಲ್ಲಿ ಕೊಂಡರೆ ಒಂದೂವರೆ ಸಾವಿರದಲ್ಲಿ ಇಪ್ಪತ್ತು ಹುಡುಗಿಯರಿಗೆ ಒಂದು ತಿಂಗಳ ಪ್ಯಾಡ್ ಆಗುತ್ತದೆ. ನಿಮ್ಮ ಮನೆಯವರಿಗೆ ಇಷ್ಟೇ ಹೇಳಿ.

ನಮ್ಮ ಇನ್ನೊಂದು ತಪ್ಪನ್ನೂ ಹೇಳಬೇಕು. ಮಕ್ಕಳ ಜೊತೆ ನಿಂತು ಫೋಟೋ ತೆಗೆದು ವಾಟ್ಸ್ಯಾಪ್ ಸ್ಟೇಟಸ್‌ಗೆ ಹಾಕಿದ್ದೆ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಅರ್ಧ ಗಂಟೆಯಲ್ಲಿ ಫೋನ್ ಬಂತು, "ದಯವಿಟ್ಟು ತೆಗೆಯಿರಿ" ಎಂದು. ಮನೆಯಲ್ಲಿ ಹಿಂಸೆ ತಾಳದೆ ಬಂದ ಹುಡುಗಿ ಅದರಲ್ಲಿದ್ದಳು. ಅವಳು ಎಲ್ಲಿದ್ದಾಳೆ ಎಂದು ಆ ಮನೆಯವರಿಗೆ ತಿಳಿಯಬಾರದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೌದಿಯ ಫೋಟೋ ಹಾಕಿ, ಮಕ್ಕಳದ್ದು ಬೇಡ.

ಮಕ್ಕಳಿಗೆ ಖಂಡಿತ ಕಲಿಸಿ, ಆದರೆ ಅವರು ಮಾಡಿದ್ದನ್ನು ಮಾರಬೇಡಿ. ಮಾರಾಟ ಶುರುವಾದರೆ ಆರ್ಡರ್ ಬರುತ್ತದೆ, ಆರ್ಡರ್ ಬಂದರೆ ಅವಸರ ಬರುತ್ತದೆ. ಓದುವ ಹೊತ್ತಿನಲ್ಲಿ ಮಗು ಸೂಜಿ ಹಿಡಿದು ಕೂರುತ್ತದೆ. ನಾನು ಕಳೆದ ವರ್ಷ ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಗವಂತಿ ಹೊಲಿಗೆ ಕಲಿಸಿದೆ. ಕಸೂತಿಯಲ್ಲಿ ಗಂಟು ಹಾಕುವ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ತುಟಿ ಅಲುಗಿಸುತ್ತಾ ಎಣಿಸಿದಳು. ಒಂದು ಸಣ್ಣ ಗೋಪುರ ಮುಗಿಸಲು ಮೂರು ಭಾನುವಾರ ಬೇಕಾಯಿತು. ಮುಗಿದ ಮೇಲೆ ಬಟ್ಟೆಯನ್ನು ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು. "ಅಕ್ಕಾ, ಇದರ ಹಿಂದಿನ ಮಗ್ಗಲು ಯಾವುದು?" ಗವಂತಿ ಎರಡೂ ಕಡೆ ಒಂದೇ ಥರ ಕಾಣುತ್ತದಲ್ವಾ. ಅದನ್ನು ಕಂಪಾಸ್ ಬಾಕ್ಸಿನಲ್ಲಿ ಮಡಚಿಟ್ಟುಕೊಂಡಿದ್ದಾಳೆ. ಅದಕ್ಕೆ ಯಾರು ಬೆಲೆ ಕಟ್ಟುತ್ತಾರೆ ಹೇಳಿ.

ಸಮಾಜಕಾರ್ಯ:

ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ, ಕಾನೂನಿನ ಮಾತು ಸ್ವಲ್ಪ ಸೇರಿಸುತ್ತೇನೆ. ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿಯೊಂದು ಸಂಸ್ಥೆಯೂ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಆಗಿರಬೇಕು. ಆ ಪತ್ರವನ್ನು ಕೇಳಲು ಸಂಕೋಚ ಬೇಡ. ಅನುಮಾನ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಫೋಟೋ ವಿಷಯ ಬರೀ ಶಿಷ್ಟಾಚಾರ ಅಲ್ಲ. ಮಗುವಿನ ಗುರುತು ಬಯಲು ಮಾಡಿದರೆ ಅದೇ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಆಗಬಹುದು.

ದುಡ್ಡಿಗೆ ರಸೀದಿ ತೆಗೆದುಕೊಳ್ಳಿ, ಕೊಂಡವರಿಗೂ ತೋರಿಸಿ. ಮತ್ತೊಂದು ಮಾತು. ನಿಮ್ಮ ಓಣಿಯಲ್ಲಿ ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕಲು ಕಷ್ಟಪಡುವ ತಾಯಿ ಇದ್ದರೆ, ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದ (ಮಗುವನ್ನು ಸಾಕಲು ಕೊಡುವ ಧನಸಹಾಯದ) ಬಗ್ಗೆ ಹೇಳಿ. ಅರ್ಹ ಮಗುವಿಗೆ ತಿಂಗಳಿಗೆ 4000 ರೂಪಾಯಿ ಸಿಗುತ್ತದೆ. ಮಗು ತಾಯಿಯ ಹತ್ತಿರವೇ ಉಳಿಯಲಿ ಎಂದೇ ಅದು ಇರುವುದು. ಅರ್ಜಿ ತುಂಬಲು ಜೊತೆಗೆ ಹೋದರೆ ಅದೂ ದೊಡ್ಡ ದಾನ.

ಮಕ್ಕಳ ಮನೆಯಲ್ಲಿ ಬೆಳೆದವನು:

ಅಕ್ಕಾ, ನಾನು ಆರನೇ ವಯಸ್ಸಿನಿಂದ ಹದಿನೆಂಟರವರೆಗೆ ಇಂಥ ಮನೆಯಲ್ಲೇ ಇದ್ದೆ. ಈಗ ದಾವಣಗೆರೆಯಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ.

ಕೌದಿಗೆ ಕಟ್ಟುವ ಚೀಟಿಯ ಮೇಲೆ "ಅನಾಥ" ಎಂದು ಬರೆಯಬೇಡಿ. ನನ್ನ ತಾಯಿ ಇದ್ದಳು. ಅಪ್ಪ ಹೋದ ಮೇಲೆ ಸಾಕಲು ಆಗದೆ ಬಿಟ್ಟು ಹೋದಳು. ನನ್ನ ಜೊತೆಗಿದ್ದ ಎಷ್ಟೋ ಹುಡುಗರದ್ದು ಇದೇ ಕಥೆ. ಮೇಲೆ ಹೇಳಿದ 4000 ಆಗ ಅವಳ ಕೈಗೆ ಬಂದಿದ್ದರೆ ಬಿಡುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ನಮ್ಮಲ್ಲಿಗೆ ನಿವೃತ್ತ ಮೇಷ್ಟ್ರೊಬ್ಬರು ತಿಂಗಳ ಎರಡನೇ ಭಾನುವಾರ ಬರುತ್ತಿದ್ದರು. ತರುತ್ತಿದ್ದದ್ದು ಪೆನ್ನಿನ ರೀಫಿಲ್, ಅಷ್ಟೇ. ಯಾರಿಗೆ ನೀಲಿ, ಯಾರಿಗೆ ಕಪ್ಪು ಎಂದು ಅವರಿಗೆ ನೆನಪಿರುತ್ತಿತ್ತು. ಕೇಕು ತಂದವರ ಮುಖ ನನಗೆ ಒಂದೂ ನೆನಪಿಲ್ಲ. ಮೇಷ್ಟ್ರ ಸೈಕಲ್ ಬೆಲ್ಲಿನ ಸದ್ದು ಈಗಲೂ ಕಿವಿಯಲ್ಲಿದೆ.

ಹದಿನೆಂಟು ತುಂಬಿ ಹೊರಟಾಗ ನನ್ನ ಹತ್ತಿರ ಒಂದು ಬ್ಯಾಗು, ಎರಡು ಜೊತೆ ಬಟ್ಟೆ ಇತ್ತು. ಹೊದೆಯಲು ಏನೂ ಇರಲಿಲ್ಲ. ಬಾಡಿಗೆ ರೂಮಿನಲ್ಲಿ ಮೊದಲ ರಾತ್ರಿ ಲುಂಗಿ ಹೊದ್ದು ಮಲಗಿದೆ. ಅಕ್ಕಾ, ಎಲ್ಲವನ್ನೂ ಮಾರಬೇಡಿ. ವರ್ಷಕ್ಕೆ ಒಂದನ್ನಾದರೂ ದೊಡ್ಡದಾಗಿ ಹೊಲಿದು, ಆ ವರ್ಷ ಹೊರಗೆ ಹೋಗುವ ಹುಡುಗಿಗೆ ಕೊಡಿ.

ಧಾರವಾಡದ ಮಗಳು:

ತಮ್ಮಾ, ನಿನ್ನ ಮಾತು ಓದಿದವಳೇ ಇವತ್ತು ಬೆಳಗ್ಗೆ ಅಲ್ಲಿಗೆ ಹೋಗಿ ಬಂದೆ. ನೋಂದಣಿ ಪತ್ರ ಗೋಡೆಗೇ ಹಾಕಿದ್ದಾರೆ. ಏನು ಬೇಕು ಎಂದು ಕೇಳಿದೆ. ಹುಬ್ಬಳ್ಳಿ ಅಕ್ಕ ಹೇಳಿದ ಪಟ್ಟಿಯೇ, ಜೊತೆಗೆ ಮಳೆಗಾಲಕ್ಕೆ ಛತ್ರಿ. ಮುಂದಿನ ತಿಂಗಳಿಂದ ಶುರು ಮಾಡುತ್ತೇನೆ.

ಈ ವರ್ಷ ಪಿಯುಸಿ ಮುಗಿಸಿ ಹೊರಡುವವರು ಇಬ್ಬರಿದ್ದಾರೆ. ಅವ್ವ ಜಾತ್ರೆಗೆಂದೇ ಉಡುತ್ತಿದ್ದ ಹಸಿರು ಇಳಕಲ್ ಸೀರೆಯನ್ನು ಮಾತ್ರ ಕತ್ತರಿಸಲು ಇಷ್ಟು ದಿನ ಕೈ ಬಂದಿರಲಿಲ್ಲ. ಮಧ್ಯಾಹ್ನ ಅದನ್ನು ಹಾಸಿ ಅಳತೆ ತೆಗೆದೆ. ಎರಡೂ ಕೌದಿಗೆ ಮೇಲ್ಬಟ್ಟೆ ಆಗುತ್ತದೆ.

ಒಂದೇ ಪ್ರಶ್ನೆ ಉಳಿದಿದೆ. ದೊಡ್ಡ ಕೌದಿಗೆ ನೀವೆಲ್ಲ ಎಷ್ಟು ಪದರ ಹಾಕುತ್ತೀರಿ? ಒಬ್ಬಳು ಬೆಂಗಳೂರಿಗೆ ಹೋಗುತ್ತಾಳಂತೆ. ಅಲ್ಲಿನ ಚಳಿಗೆ ನಾಲ್ಕು ಸಾಕಾಗುತ್ತದಾ?