ಕತೆಯ ಕೊನೆ ಮೋಸ ಅಂದರು, ಎಲ್ಲಿ ಎಡವಿದೆ?

ಪ್ರಶ್ನೆ:
ಒಂದು ನೀಳ್ಗತೆ ಬರೆದಿದ್ದೇನೆ. ಅಣ್ಣ ತಮ್ಮ ಮಾತು ಬಿಟ್ಟು ಹತ್ತು ವರ್ಷ ಆಗಿದೆ. ತಪ್ಪು ತಮ್ಮನದು, ಅದು ಅವನಿಗೂ ಗೊತ್ತು, ಆದರೆ ಕ್ಷಮೆ ಕೇಳಲು ಬಾಯಿ ಬರುವುದಿಲ್ಲ. ಕತೆ ಪೂರ್ತಿ ಇದೇ. ಕೊನೆಯ ಪುಟದಲ್ಲಿ ಅಣ್ಣ ಅಪಘಾತದಲ್ಲಿ ಸಾಯುತ್ತಾನೆ. ಯಾರೂ ಊಹಿಸಬಾರದು ಅಂತಲೇ ಹಾಗೆ ಬರೆದೆ. ಓದಿದ ಇಬ್ಬರೂ ‘ಇದು ಮೋಸ’ ಅಂದರು. ಬದುಕಿನಲ್ಲಿ ಅಪಘಾತ ಆಗುವುದಿಲ್ವಾ?

ಉತ್ತರ 1:
ಆಗುತ್ತದೆ. ಆದರೆ ನಿಮ್ಮ ಕತೆ ಮೊದಲಿಂದ ಒಂದೇ ಮಾತು ಕೇಳುತ್ತಿದೆ: ಇವನು ಬಾಯಿ ಬಿಡುತ್ತಾನಾ ಇಲ್ವಾ? ಬಿಟ್ಟರೂ ಸರಿ, ಬಿಡದೆ ಎದ್ದು ಹೋದರೂ ಸರಿ, ಎರಡೂ ಉತ್ತರವೇ. ಅಪಘಾತ ಬಂದು ಅವನನ್ನು ಆ ಕಷ್ಟದಿಂದ ಪಾರು ಮಾಡಿಬಿಟ್ಟಿತು. ನಿಮ್ಮನ್ನೂ.

ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನೆನಪಿಸಿಕೊಳ್ಳಿ. ನಾರ್ವೆಯ ಆ ನಾಟಕಕಾರನ 1879ರ ನಾಟಕ. ಮೊದಲು ಅಪ್ಪನ ಗೊಂಬೆ, ಆಮೇಲೆ ಗಂಡನ ಗೊಂಬೆಯಾಗಿ ಬದುಕಿದ್ದು ನೋರಾಗೆ ಅರ್ಥವಾಗಿ, ಕೊನೆಗೆ ಮನೆ ಬಿಟ್ಟು ಹೋಗುತ್ತಾಳೆ. ಜರ್ಮನಿಯಲ್ಲಿ ಆ ಪಾತ್ರದ ನಟಿ ಇದನ್ನು ಒಪ್ಪಲಿಲ್ಲ. ಬೇರೆ ಯಾರೋ ತಿದ್ದಿ ಕೆಡಿಸುವುದಕ್ಕಿಂತ ತಾನೇ ಬರೆಯುವುದು ಮೇಲು ಅಂತ ಇಬ್ಸೆನ್ ಇನ್ನೊಂದು ಕೊನೆ ಬರೆದುಕೊಟ್ಟ. ಅದರಲ್ಲಿ ಗಂಡ ಅವಳಿಗೆ ಮಲಗಿರುವ ಮಕ್ಕಳನ್ನು ತೋರಿಸುತ್ತಾನೆ, ಅವಳು ಅಲ್ಲೇ ಕುಸಿದು ಉಳಿದುಬಿಡುತ್ತಾಳೆ. ಅದು ನಾಟಕಕ್ಕೆ ಮಾಡಿದ ಅನಾಗರಿಕ ಅನ್ಯಾಯ ಅಂತ ಆತನೇ ಬಹಿರಂಗವಾಗಿ ಹೇಳಿದ. ಮೂರು ಅಂಕ ಕಟ್ಟಿದ್ದನ್ನು ಕೆಡವಲು ಒಂದು ನಿಮಿಷ ಸಾಕಾಯಿತು ನೋಡಿ.

ಉತ್ತರ 2:
ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಇದನ್ನು ‘ಸಾವು ಬೇಡ’ ಅಂತ ಓದಿಕೊಳ್ಳಬೇಡಿ. ಷೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ನಲ್ಲಿ ರಾಜ ಲಿಯರ್‌ನ ಕಿರಿಯ ಮಗಳು ಕಾರ್ಡೀಲಿಯಾ ಸಾಯುವುದು ನೋಡುವವರಿಗೆ ತಡೆಯಲು ಆಗುವುದಿಲ್ಲ. 1681ರಲ್ಲಿ ನಹೂಮ್ ಟೇಟ್ ಎಂಬ ಕವಿ ನಾಟಕವನ್ನು ತಿದ್ದಿ ಬರೆದು ಅವಳನ್ನು ಬದುಕಿಸಿ, ಅದೇ ನಾಟಕದ ಎಡ್ಗರ್ ಎಂಬ ಪಾತ್ರದ ಜೊತೆ ಜೋಡಿ ಮಾಡಿ, ಲಿಯರ್‌ಗೆ ರಾಜ್ಯವನ್ನೂ ವಾಪಸ್ ಕೊಟ್ಟ. ನೂರು ವರ್ಷಕ್ಕೂ ಜಾಸ್ತಿ ಕಾಲ ಅದೇ ರಂಗದ ಮೇಲೆ ನಡೆಯಿತು. ಆದರೂ ಇವತ್ತು ನಾವು ಆಡುವುದು ಮೂಲವನ್ನೇ. ಆ ಸಾವು ಹಠಾತ್ತಾಗಿ ಬಂದರೂ ಅದರ ಬೇರು ಮೊದಲ ದೃಶ್ಯದಲ್ಲೇ ಇದೆ, ಮುದುಕ ತನ್ನ ಮಗಳನ್ನು ಹೊರಗೆ ಅಟ್ಟಿದಲ್ಲಿ. ನಿಮ್ಮ ಅಪಘಾತಕ್ಕೆ ಅಂಥ ಬೇರು ಇಲ್ಲ, ಅಷ್ಟೇ.

ಪ್ರಶ್ನೆ ಕೇಳಿದವರು:
ಹಾಗಾದರೆ ಅಪಘಾತ ಕಿತ್ತುಹಾಕಲಾ?

ಉತ್ತರ 1:
ಸುಮ್ನೆ ಕೀಳಬೇಡಿ. ಕತೆಯ ನಡುವೆ ತನ್ನಿ, ಅಣ್ಣ ಬದುಕಲಿ. ಆಗ ತಮ್ಮ ನೋಡಲು ಹೋಗಲೇಬೇಕಲ್ವಾ, ನೆಪಗಳೆಲ್ಲ ಮುಗಿದಿರುತ್ತವೆ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ಕೂತು ಬರೆದೆ. ಅಣ್ಣ ಕಣ್ಣು ಬಿಟ್ಟಿದ್ದಾನೆ, ತಮ್ಮ ಬಾಗಿಲ ಹತ್ತಿರ ನಿಂತಿದ್ದಾನೆ. ಅವನ ಮೊದಲ ಮಾತು ಇನ್ನೂ ಸಿಕ್ಕಿಲ್ಲ.