ಮನೆಯಲ್ಲಿ ಸಿಗಾರ್ ಸುತ್ತುವವರಿಗೆ: ವಖಾರಿ ಕಾಕಾ ಜೊತೆ ಪ್ರಶ್ನೋತ್ತರ

ಕಾಕಾ ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ಮೂವತ್ತು ವರ್ಷ ಎಲೆ ವಿಂಗಡಿಸಿದವರು. ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದಾರೆ, ಮನೆಯಲ್ಲೇ ಸಿಗಾರ್ ಸುತ್ತುತ್ತಾರೆ. ಇವತ್ತು ಗುಂಪಿನಲ್ಲಿ ಉತ್ತರ ಕೊಡುತ್ತಾರೆ.

ಗುರುರಾಜ, ಮಾಟುಂಗಾ: ಕಾಕಾ, ನಮಸ್ಕಾರ. ಸುತ್ತಿಟ್ಟ ಸಿಗಾರ್ ಮೇಲೆ ಬಿಳಿ ಬೂಷ್ಟು ಬಂದಿದೆ. ಒರೆಸಿದರೆ ಸಾಕಾ?

ಕಾಕಾ: ನಮಸ್ಕಾರ. ಸಾಲದು, ಎಸೆಯಿರಿ. ಮುಂಬೈ ಮಳೆಗಾಲದಲ್ಲಿ ಗಾಳಿಯ ತೇವ 85 ಪರ್ಸೆಂಟ್ ಸುತ್ತಮುತ್ತ. ಸಿಗಾರ್‌ಗೆ ಬೇಕಾದದ್ದು 65ರಿಂದ 70. ಗಾಳಿಯಾಡದ ಡಬ್ಬಿಯಲ್ಲಿ ತೇವ ಅಳೆಯುವ ಮೀಟರ್ ಹಾಕಿಡಿ.

ಸವಿತಾ, ಮಡಗಾಂವ್: ಸಿಗಾರ್ ಮೇಲೆ ಸೂಜಿ ಚುಚ್ಚಿದ ಹಾಗೆ ತೂತುಗಳಿವೆ.

ಕಾಕಾ: ತಂಬಾಕು ಹುಳ. ಮೊಟ್ಟೆ ಎಲೆಯಲ್ಲೇ ಇರುತ್ತದೆ, ಸೆಖೆಗೆ ಒಡೆಯುತ್ತದೆ. ತೂತು ಬಿದ್ದದ್ದನ್ನು ಎಸೆಯಿರಿ. ಉಳಿದದ್ದನ್ನು ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಡಿ. ಆಮೇಲೆ ಒಂದು ದಿನ ಕೆಳಗೆ ಫ್ರಿಜ್‌ನಲ್ಲಿಟ್ಟು ಹೊರಗೆ ತೆಗೆಯಿರಿ. ಅವಸರ ಮಾಡಿದರೆ ಮೇಲಿನ ಎಲೆ ಸೀಳುತ್ತದೆ.

ರಮೇಶ, ಡೊಂಬಿವಿಲಿ: ಕಾಕಾ, ದಿಂಡಿಗಲ್ ಎಲೆ ತರಿಸಿ ಬಕೆಟ್‌ನಲ್ಲಿ ನೆನೆಸಿದ್ದೆ. ಅವ್ವ ಮೂರು ತಾಸು ಕೂತು ನಡುವಿನ ದಂಟು ಬಿಡಿಸಿಕೊಟ್ಟಳು. ರಾತ್ರಿ ವಾಂತಿ, ತಲೆಸುತ್ತು, ತಣ್ಣನೆ ಬೆವರು. ಅವಳಿಗೆ ಬಿಪಿ ಇದೆ, ಬೆರಳ ಸಂದಿಯಲ್ಲಿ ಬಿರುಕೂ ಇದೆ. ಪಿತ್ತ ಅಂದುಕೊಂಡೆವು. ನೆನೆಸಿದ ನೀರು ಗಿಡದ ಹುಳಕ್ಕೆ ಒಳ್ಳೇದು ಅಂತ ಫಾರ್ವರ್ಡ್ ಬಂದಿತ್ತು. ಬಾಟಲಿಗೆ ತುಂಬಿ ಅಡುಗೆಮನೆ ಕಟ್ಟೆ ಮೇಲಿಟ್ಟಿದ್ದೇನೆ. ಎಷ್ಟು ದಿನ ಇಡಬಹುದು?

ಕಾಕಾ: ರಮೇಶ, ಈಗಲೇ ಎದ್ದು ಆ ಬಾಟಲಿ ತೆಗೆಯಿರಿ. ಮುಂದಿನದು ಆಮೇಲೆ ಓದಿ.

ಆ ನೀರು ನೋಡಲು ಕರೀ ಚಹಾದ ಹಾಗಿರುತ್ತದೆ. ಮಗು ಒಂದು ಗುಟುಕು ಕುಡಿದರೂ ಜೀವಕ್ಕೆ ಅಪಾಯ. ಸಂಡಾಸಿಗೆ ಸುರಿದು ಜಾಸ್ತಿ ನೀರು ಬಿಡಿ. ಬಾಟಲಿ ಕತ್ತರಿಸಿ ಎಸೆಯಿರಿ, ತೊಳೆದು ಇಟ್ಟುಕೊಳ್ಳಬೇಡಿ. ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸಲು ಹೋಗಬೇಡಿ. ನೇರ ಆಸ್ಪತ್ರೆಗೆ.

ಇನ್ನು ತಾಯಿಯವರ ವಿಷಯ. ಒದ್ದೆ ಎಲೆಯಿಂದ ನಿಕೋಟಿನ್ ನೀರಿಗಿಳಿಯುತ್ತದೆ, ನೀರಿನಿಂದ ಚರ್ಮಕ್ಕೆ. ಬಿರುಕಿದ್ದರೆ ಇನ್ನೂ ಬೇಗ. ಇಬ್ಬನಿ ಬಿದ್ದ ಹಸಿ ತಂಬಾಕು ಕೊಯ್ಯುವವರಿಗೆ ಹೀಗೇ ಓಕರಿಕೆ, ತಲೆಸುತ್ತು ಬರುತ್ತದೆ. ನಾನು ಡಾಕ್ಟರ್ ಅಲ್ಲ. ಇವತ್ತೇ ತೋರಿಸಿ. ತಂಬಾಕಿನ ಒದ್ದೆ ಎಲೆ ಮುಟ್ಟಿದ್ದರು ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅವರೂ ಪಿತ್ತಕ್ಕೇ ಮಾತ್ರೆ ಬರೆಯುತ್ತಾರೆ.

ಎಲೆ ನೆನೆಸುವುದೇ ತಪ್ಪು. ಸ್ಪ್ರೇಯಿಂದ ಸ್ವಲ್ಪ ನೀರು ಸಿಂಪಡಿಸಿ, ಕವರ್‌ನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಹಳೇ ಕಾಟನ್ ಸೀರೆಯ ಹಾಗೆ ಸದ್ದಿಲ್ಲದೆ ಬಿಚ್ಚಿಕೊಳ್ಳಬೇಕು. ಪರಪರ ಅಂದರೆ ಇನ್ನೂ ಹದ ಬಂದಿಲ್ಲ. ಕೈಗೆ ಗ್ಲೌಸ್ ಬೇಕೇ ಬೇಕು. ಅಡುಗೆ ಕಟ್ಟೆ ಬೇಡ.

ಪ್ರಭಾಕರ, ವಾಶಿ: ತಂಬಾಕು ತಲೆಗೇರಿದರೆ ಬೆಲ್ಲ, ನಿಂಬೆರಸ, ಉಪ್ಪು. ಐದೇ ನಿಮಿಷ. ಎಲ್ಲರಿಗೂ ಕಳಿಸಿ.

ಕಾಕಾ: ಕಳಿಸಬೇಡಿ. ನಿಂಬೆರಸ ಕುಡಿಸುತ್ತಾ ಕೂತರೆ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ.

ಪ್ರಣವ್, ಪಣಜಿ: ರೋಲಿಂಗ್‌ಗೆ ಬಳಸುವ ಚಾವೆಟಾ ಚಾಕು ಗೋವಾದಲ್ಲಿ ಎಲ್ಲಿ ಸಿಗುತ್ತದೆ?

ಮಂಜುನಾಥ, ಹಡಪ್ಸರ್: ಹುಣಸೂರಿನಲ್ಲಿ ಮಾವನ ಮನೆ ಇದೆ. ಅಲ್ಲಿಂದ ಎಲೆ ತರಿಸಲಾ?

ಕಾಕಾ: ಅದು ಬ್ಯಾರನ್‌ನ, ಅಂದರೆ ಎಲೆ ಒಣಗಿಸುವ ಕೋಣೆಯ, ಬಿಸಿಗಾಳಿಯಲ್ಲಿ ಒಣಗಿಸಿದ್ದು, ಸಿಗರೇಟಿನ ಎಲೆ. ಸಿಗಾರ್ ಎಲೆ ನೆರಳಿನ ಗಾಳಿಯಲ್ಲಿ ಒಣಗಬೇಕು, ಆಮೇಲೆ ರಾಶಿ ಹಾಕಿ ಹುಳಿ ಬರಿಸಬೇಕು. ಅಮೋನಿಯಾ ವಾಸನೆ ಹೋಗುವ ತನಕ ಕಾಯಬೇಕು.

ಸುನಂದಾ, ಪಿಂಪ್ರಿ: ಇದನ್ನು ಹವ್ಯಾಸ ಅನ್ನುತ್ತೀರಾ? ನಮ್ಮಪ್ಪ ಬಾಯಿ ಕ್ಯಾನ್ಸರ್‌ನಲ್ಲಿ ಹೋದರು.

ಪ್ರಭಾಕರ, ವಾಶಿ: ಅಕ್ಕಾ, ಸಿಗಾರ್ ಹೊಗೆ ಒಳಗೆ ಎಳೆಯುವುದಿಲ್ಲ. ಗೊತ್ತಿಲ್ಲದೆ ಸುಮ್ನೆ ಮಾತಾಡಬೇಡಿ.

ಸುನಂದಾ, ಪಿಂಪ್ರಿ: ಮೂರು ವರ್ಷ ಅಪ್ಪನಿಗೆ ನಳಿಗೆಯಲ್ಲಿ ಗಂಜಿ ಹಾಕಿದವಳು ನಾನು. ಗೊತ್ತಿಲ್ಲ ಅಂತ ನನಗೆ ಹೇಳಬೇಡಿ.

ಮಂಜುನಾಥ, ಹಡಪ್ಸರ್: ಇಷ್ಟ ಇಲ್ಲದವರು ಗುಂಪು ಬಿಡಲಿ.

ಕಾಕಾ: ಯಾರೂ ಬಿಡಬೇಕಿಲ್ಲ. ಸುನಂದಾ ಅವರ ಮಾತು ನಿಜ. ಹೊಗೆ ಎಳೆಯದಿದ್ದರೂ ಬಾಯಿಯ ಒಳಚರ್ಮದಿಂದಲೇ ನಿಕೋಟಿನ್ ಇಳಿಯುತ್ತದೆ. ಬಾಯಿ, ಗಂಟಲು, ಅನ್ನನಾಳ, ಮೂರಕ್ಕೂ ಕ್ಯಾನ್ಸರ್ ಅಪಾಯ ಇದೆ. ಸುತ್ತುವ ಕೈಕೆಲಸ ನನಗೆ ಪ್ರಾಣ. ಆದರೆ ನಿರಪಾಯ ಅಂತ ನಾನು ಯಾವತ್ತೂ ಹೇಳಿಲ್ಲ. ಪ್ರಭಾಕರ, ಇನ್ನು ಸಾಕು.

ಅನಿಲ್, ಮುಲುಂಡ್: ಕಾಕಾ, ಸಿಗಾರ್ ಮೇಲೆ ಬಿಳಿ ಬಿಳಿ ಬಂದಿದೆ, ಏನು ಮಾಡಲಿ? ಡಬ್ಬಿಯಲ್ಲಿ ಅಕ್ಕಿ ಹಾಕಿಡಿ ಅನ್ನುತ್ತಾರೆ.

ಕಾಕಾ: ಮೇಲೆ ಗುರುರಾಜರಿಗೆ ಹೇಳಿದ್ದನ್ನು ಓದಿ. ಅಕ್ಕಿ ಬೇಡ.

ಪ್ರಣವ್, ಪಣಜಿ: ಚಾಕು ಕೇಳಿದ್ದೆ, ಯಾರೂ ಹೇಳಲೇ ಇಲ್ಲ.

ಕಾಕಾ: ರಮೇಶ, ಬಾಟಲಿ ಚೆಲ್ಲಿದಿರಾ? ತಾಯಿಯವರನ್ನು ಕರೆದುಕೊಂಡು ಹೋದಿರಾ? ಒಂದು ಗಂಟೆಯಿಂದ ಉತ್ತರವಿಲ್ಲ. ಡೊಂಬಿವಿಲಿಯಲ್ಲಿ ಇವರ ಮನೆ ಗೊತ್ತಿರುವವರು ಯಾರಾದರೂ ಇದ್ದರೆ ಫೋನ್ ಮಾಡಿ.